ಕಾಮಾಕ್ಷಮ್ಮನವರ ಮನೆಯ ಲೋಟ

ನ್ಯೂ ಟೌನ್, ಭದ್ರಾವತಿ
ಫೆಬ್ರವರಿ ೧೯೫೮

ಅವ್ವನಿಗೆ ಗಿರಿಜಳ ಶರಣು.

ಗಾಂಧಿ ಬಜಾರಿನ ಗದ್ದಲದಲ್ಲಿ ಬೆಳೆದ ನನಗೆ ಇಲ್ಲಿನ ಕಾರ್ಖಾನೆ ಕ್ವಾರ್ಟರ್ಸಿನ ಮನೆಗಳೆಲ್ಲ ಒಂದೇ ಥರ ಕಾಣುತ್ತವೆ. ಒಳಗೆ ಮಾತ್ರ ಬೇರೆ ಬೇರೆ. ಪಕ್ಕದ ಮನೆಯ ಕಾಮಾಕ್ಷಮ್ಮನವರ ಯಜಮಾನರು ಕಾರ್ಖಾನೆಯಲ್ಲಿ ಕೆಮಿಸ್ಟು. ಮೈಮೇಲೆ ದೇವರು ಬರುತ್ತದೆ ಎಂದರೆ ನಗುವವರು, ಲಂಡನ್ನಿನ ಪುಸ್ತಕ ಓದಿ ಸತ್ತವರನ್ನು ಕರೆಯುತ್ತಾರೆ. ಅದಕ್ಕೆ ಪ್ಲಾಂಚೆಟ್ ಎಂದು ಹೆಸರು. ಕೇರಂ ಬೋರ್ಡಿನ ಸುತ್ತ ಅಕ್ಷರ ಬರೆದು, ನಡುವೆ ಗಾಜಿನ ಲೋಟ ಬೋರಲು ಹಾಕಿ, ಎಲ್ಲರೂ ಅದರ ಮೇಲೆ ಬೆರಳಿಡಬೇಕು. ಬಂದವರು ಲೋಟವನ್ನು ಅಕ್ಷರದಿಂದ ಅಕ್ಷರಕ್ಕೆ ಸರಿಸಿ ಮಾತು ಹೇಳುತ್ತಾರಂತೆ. “ಇದು ಸೈನ್ಸು ಕಣಮ್ಮ” ಎಂದು ಮೊನ್ನೆ ನನ್ನನ್ನೂ ಕೂರಿಸಿದರು. ಬೈಯಬೇಡ.

ಕರೆದದ್ದು ಹೋದ ವರ್ಷ ಜ್ವರದಲ್ಲಿ ತೀರಿಕೊಂಡ ಅವರ ಮಗನನ್ನು. ಲೋಟ ಯಾವ ಅಕ್ಷರದ ಹತ್ತಿರವೂ ಹೋಗದೆ ಸುಮ್ಮನೆ ಗಿರಗಿರ ಸುತ್ತಿತು. ಯಜಮಾನರು “ಏನೋ ತಪ್ಪಾಗಿದೆ” ಎಂದು ಪುಸ್ತಕ ತಿರುವಿದರು. ಕಾಮಾಕ್ಷಮ್ಮ, “ಅಕ್ಷರ ಕಲಿಯೋಕ್ ಮುಂಚೇನೇ ಹೋದ ಮಗು, ರೀ. ಆಡ್ಕೊಳ್ಳಲಿ ಬಿಡಿ” ಎಂದರು.

ನನಗೆ ವಾಂತಿ ನಿಂತಿದೆ, ಊಟ ಸೇರುತ್ತಿದೆ. ಬಾಣಂತನಕ್ಕೆ ಅಲ್ಲಿಗೇ ಬರುತ್ತೇನೆ.

ಲಿಂಗೈಕ್ಯರಾದವರು ಮತ್ತೆ ಬರುವುದಿಲ್ಲ ಎಂದು ನೀನೇ ಕಲಿಸಿದ್ದು. ನಾನೂ ಹಾಗೇ ನಂಬಿದವಳು. ಇವತ್ತು ಅವರ ಮನೆಗೆ ಕಾಫಿಗೆ ಹೋದೆ. ಅದೇ ಲೋಟದ ತುಂಬ ಹಾಲು ಹಾಕಿ ಕಿಟಕಿಯ ಹತ್ತಿರ ಇಟ್ಟಿದ್ದರು. ಕಾಮಾಕ್ಷಮ್ಮ ಒಳಗೆ ಹೋದಾಗ ಮುಟ್ಟಿ ನೋಡಿದೆ. ಸುಡುತ್ತಿತ್ತು. ಊದಿ ಆರಿಸಿಟ್ಟು ಬಂದೆ.

ನಿನ್ನ
ಗಿರಿಜ