ಕಲ್ಲಿಗೆ ಹಾಕುವ ನೀರು

ಕೆಮಿಯಾರ್ವಿ,
ಮಾರ್ಚ್ ೯

ಪ್ರೀತಿಯ ತಂಗಿ ಪಿರ್ಕೊಗೆ,

ನಿನ್ನ ಕಾಗದ ತಲುಪಿತು. ಅಮ್ಮನ ಸಮಾಧಿಯ ಕಲ್ಲಿನ ಮೇಲೆ ‘ಮಗಳ ಆರೈಕೆಯಲ್ಲಿ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು’ ಎಂದು ಕೆತ್ತಿಸಲು ನನ್ನ ಒಪ್ಪಿಗೆ ಕೇಳಿದ್ದೀಯ.

ನಾನು ನಿನ್ನ ಮನೆಗೆ ಬಂದ ಶನಿವಾರ ನೆನಪಿದೆಯೇ? ಮುಂದಿನ ಕೋಣೆಯ ಬ್ಯೂಟಿ ಪಾರ್ಲರಿನಲ್ಲಿ ನೀನು ಒಬ್ಬ ಹೆಂಗಸಿನ ಕೆನ್ನೆ ಮುಟ್ಟಿ ನೋಡುತ್ತಿದ್ದೆ. “ನಿಮ್ದು ಒಣ ಚರ್ಮ ಅಲ್ಲ ಕಣ್ರೀ. ಒಣ ಚರ್ಮದಲ್ಲಿ ಕಮ್ಮಿ ಇರೋದು ಎಣ್ಣೆ. ನಿಮ್ಮದ್ರಲ್ಲಿ ಕಮ್ಮಿ ಇರೋದು ನೀರು. ಎಷ್ಟು ಕ್ರೀಮ್ ಮೆತ್ತಿದ್ರೂ ಬಾಯಾರಿದ್ದು ಬಾಯಾರಿದ್ದೇ.” ಹಾಗೆಂದು ನೀನೇ ಅವಳಿಗೆ ದೊಡ್ಡ ಲೋಟದ ತುಂಬ ನೀರು ಕೊಟ್ಟೆ. ನನ್ನ ತಂಗಿ ಎಷ್ಟು ಚೆನ್ನಾಗಿ ತಿಳಿಸಿ ಹೇಳುತ್ತಾಳೆ ಅಂದುಕೊಂಡೆ.

ಒಳಗೆ ಅಮ್ಮನ ಮುಖ ನಿನ್ನ ಕ್ರೀಮಿನಿಂದ ಮಿನುಗುತ್ತಿತ್ತು. ತುಟಿ ಒಡೆದಿತ್ತು. “ವಯಸ್ಸಾಯ್ತಲ್ಲಾ, ಒಣ ಚರ್ಮ” ಎಂದೆ ನೀನು.

ಸಂಜೆ ಮೂವರೂ ಸೌನಾದ ಹಬೆಕೋಣೆಯಲ್ಲಿ ಕೂತೆವು. ನಮ್ಮಿಬ್ಬರಿಗೂ ಬೆವರು ಸುರಿಯುತ್ತಿತ್ತು, ಅಮ್ಮನ ಮೈಮೇಲೆ ಒಂದು ಹನಿಯಿಲ್ಲ. ಕಾದ ಕಲ್ಲಿಗೆ ನೀರು ಹಾಕಿ ಹಬೆ ಎಬ್ಬಿಸುವ ಮರ್ಯಾದೆ ಯಾವಾಗಲೂ ಅವಳದೇ. ನಾನು ಸೌಟು ಕೊಟ್ಟೆ. ಅವಳು ಬಕೆಟ್ಟಿನಿಂದ ನೀರು ಎತ್ತಿ ಕುಡಿದುಬಿಟ್ಟಳು.

“ಅಯ್ಯೋ ಅಮ್ಮಾ, ಅದು ಕಲ್ಲಿಗೆ ಹಾಕೋ ನೀರು, ನಿಂಗಲ್ಲ!” ನೀನು ನಗುತ್ತಾ ಸೌಟು ಕಿತ್ತುಕೊಂಡೆ. ನನ್ನ ಕಡೆ ತಿರುಗಿ, “ಮಧ್ಯಾಹ್ನದ ಮೇಲೆ ಕುಡಿಯೋಕೆ ಕೊಡಲ್ಲ ಕಣೇ ಅಕ್ಕಾ. ಹೊಸ ಹಾಸಿಗೆ ಹಾಕಿದೀನಿ, ಒದ್ದೆ ಮಾಡ್ತಾಳೆ” ಎಂದೆ.

“ಬೈಬೇಡ್ವೇ, ಇನ್ನು ಕೇಳಲ್ಲ” ಎಂದಳು ಅಮ್ಮ.

ನಾನು ಅವಳ ಮುಂಗೈ ಚರ್ಮ ಮೆಲ್ಲಗೆ ಹಿಡಿದೆತ್ತಿ ಬಿಟ್ಟೆ. ಎದ್ದ ಮಡಿಕೆ ಹಾಗೇ ನಿಂತಿತು. ನೀನೂ ನೋಡಿದೆ. ನಾನು ಜಗಳವಾಡಿದ ಮೇಲೆ “ಆಯ್ತು ತಾಯೀ, ಕೊಡ್ತೀನಿ” ಎಂದು ನೀನು ಮಾತು ಕೊಟ್ಟೆ. ನಾನು ಬಸ್ಸು ಹತ್ತಿದೆ.

ಮುಂದಿನ ಶನಿವಾರದೊಳಗೆ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೈಯಲ್ಲಿ ನೀರೇ ಉಳಿದಿರಲಿಲ್ಲ ಎಂದರು ಡಾಕ್ಟರು. ಕೊಟ್ಟರೂ ಅವಳೇ ಕುಡಿಯುತ್ತಿರಲಿಲ್ಲ ಎಂದು ನೀನು ಅವರ ಮುಂದೆ ಅತ್ತೆ.

ಕಲ್ಲಿನ ಮೇಲೆ ಅಮ್ಮನ ಹೆಸರಷ್ಟೇ ಇರಲಿ. ಬೇಸಿಗೆಯಲ್ಲಿ ಅಲ್ಲಿನ ಹೂಗಿಡಗಳಿಗೆ ನೀರು ನಾನೇ ಹಾಕುತ್ತೇನೆ. ನೀನು ಬರಬೇಡ.

ನಿನ್ನ ಅಕ್ಕ,
ಐಲಾ

ಮರೆತಿದ್ದೆ: ಅಮ್ಮನ ಹಾಸಿಗೆ ನನಗೆ ಬೇಕೇ ಎಂದು ಕೇಳಿದ್ದೀಯ. ಬೇಡ. ಅವಳ ಬಟ್ಟೆ ತರಲು ಬಂದಾಗ ಅದರ ಮೇಲೆ ಕೈಯಾಡಿಸಿ ನೋಡಿದೆ. ಒಂದು ಕಲೆಯೂ ಇಲ್ಲ. ಹೊಸದೆಂದೇ ಮಾರಬಹುದು.