ಸೆಟ್ಟಿಂಗ್ ದಿನದ ಎರಡು ಪೀಸ್

ಜುಲೈ 9, ಬುಧವಾರ

ಲೇತ್ ಆಪರೇಟರ್ ಈರೇಶ ಮಧ್ಯಾಹ್ನ ಕೇಳಿದ್ದು ಇನ್ನೂ ತಲೆಯಲ್ಲೇ ಇದೆ. “ಮೇಡಮ್, ನಂದು ರಿಜೆಕ್ಷನ್ ಆರು ಪರ್ಸೆಂಟ್ ಹೆಂಗ ಬಂತ್ರೀ? ತಿಂಗಳಿಗೆ ಐನೂರು ಪೀಸ್ ಮಾಡೀನಿ, ಕೆಟ್ಟಿದ್ದು ಹನ್ನೊಂದು.”

ಅಂದರೆ ಎರಡು ಚಿಲ್ಲರೆ ಪರ್ಸೆಂಟ್. ತಿಂಗಳ ರಿಪೋರ್ಟ್ ಮಾಡುವವಳು ನಾನು, ಎಕ್ಸೆಲ್ಲಿನ ಪಿವೋಟ್ ಟೇಬಲ್ಲಿನಲ್ಲಿ ದಿನದಿನದ ಪರ್ಸೆಂಟಿನ ಸರಾಸರಿ ತೆಗೆಯುತ್ತಿದ್ದೆ. ಹೊಸ ಸೆಟ್ಟಿಂಗ್ ಮಾಡುವ ದಿನ, ಅಂದರೆ ಬೇರೆ ಪೀಸಿಗೆ ಲೇತ್ ಹೊಂದಿಸುವ ದಿನ, ಪರೀಕ್ಷೆಗೆಂದು ಎರಡೇ ಪೀಸ್ ಆಗುತ್ತವೆ, ಎರಡೂ ಕೆಡುತ್ತವೆ. ಆ ಒಂದು ದಿನದ ನೂರು ಪರ್ಸೆಂಟ್ ಇಡೀ ತಿಂಗಳನ್ನು ಹಾಳು ಮಾಡಿತ್ತು. ಕ್ಯಾಲ್ಕುಲೇಟೆಡ್ ಫೀಲ್ಡ್ ಹಾಕಿದೆ. ಅದು ಒಟ್ಟು ಕೆಟ್ಟದ್ದನ್ನು ಒಟ್ಟು ಪೀಸಿನಿಂದ ಭಾಗಿಸುತ್ತದೆ, ಅಷ್ಟೇ. ಸರಿಹೋಯಿತು. ಈರೇಶ ನಗುತ್ತಾ ಟಿನ್ ಫ್ಯಾಕ್ಟರಿ ಸ್ಟಾಪಿನ ಕಡೆಯ ಬಸ್ ಹತ್ತಿದ.

ಸುಮ್ಮನಿರಲಾರದೆ ಮೇ ತಿಂಗಳ ಶೀಟಿಗೂ ಹಾಕಿ ನೋಡಿದೆ. ಆಗ ಲೇತಿನಲ್ಲಿದ್ದ ಪಿಳ್ಳಪ್ಪನವರದು ಹನ್ನೆರಡು ಪರ್ಸೆಂಟ್ ಇದ್ದದ್ದು ಒಂದೂವರೆಗೆ ಇಳಿಯಿತು. ಎಲ್ಲರಿಗಿಂತ ಕಡಿಮೆ. ಆಗೆಲ್ಲ ಸೆಟ್ಟಿಂಗಿಗೆ ಅವರನ್ನೇ ಕರೆಯುತ್ತಿದ್ದರು, ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ.

ನನ್ನ ರಿಪೋರ್ಟಿನ ಆ ಹನ್ನೆರಡನ್ನು ನೋಡಿಯೇ ಅವರನ್ನು ಲೇತ್ ಬಿಡಿಸಿ ಪ್ಯಾಕಿಂಗಿಗೆ ಹಾಕಿದ್ದು. ಸಂಜೆ ಡಬ್ಬಕ್ಕೆ ಟೇಪ್ ಅಂಟಿಸುತ್ತಾ, “ಹೊರಟ್ಯೇನಮ್ಮಾ, ಹುಷಾರಾಗ್ ಹೋಗು” ಅಂದರು. ಹೂಂ ಅಂದೆ. ಮೇ ತಿಂಗಳ ಹೊಸ ಶೀಟಿನ ಪ್ರಿಂಟ್ ಆಗ ನನ್ನ ಬ್ಯಾಗಿನಲ್ಲಿತ್ತು. ಈಗಲೂ ಅಲ್ಲೇ ಇದೆ.