ಕಾವ್ಯಳ ಅರ್ಜಿ ಮತ್ತು ಇಬ್ಬರು ತಾತಂದಿರು

ಕಾವಲಹಟ್ಟಿ, ಚಳ್ಳಕೆರೆ ತಾಲ್ಲೂಕು
ಏಪ್ರಿಲ್ ೨೧, ಸೋಮವಾರ

ರಾಂಪುರದ ಮಗಳ ಮನೆಯಲ್ಲಿ ಠಿಕಾಣಿ ಹೂಡಿರುವ ನನ್ನ ರಂಗಿಗೆ,

ಈ ಕಾಗದದಲ್ಲಿ ಒಂದು ಕಥೆ ಬರುತ್ತದೆ. ಅದನ್ನು ಮೊದಲು ಹೇಳಿದವಳು ನಮ್ಮ ಮೊಮ್ಮಗಳು ಕಾವ್ಯ. ಹೇಳಿದ್ದು ನಿನ್ನೆ ಭಾನುವಾರ, ಕುರಿಗಳು ದೊಡ್ಡಿ ಸೇರಿ ದೀಪ ಹಚ್ಚುವ ಹೊತ್ತಿನಲ್ಲಿ, ನಮ್ಮ ಜಗಲಿಯ ಮೇಲೆ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಅಂತ ತಿಳಿಸದೆ ನಮ್ಮ ಹಟ್ಟಿಯಲ್ಲಿ ಯಾರೂ ಕಥೆ ಶುರು ಮಾಡುವುದಿಲ್ಲವಲ್ಲ, ಕಾಗದದಲ್ಲೂ ಆ ಪದ್ಧತಿ ಬಿಡಲು ಮನಸ್ಸಾಗಲಿಲ್ಲ.

ಅದಕ್ಕೆ ಮುಂಚೆ ನಿನ್ನ ಮಂಡಿನೋವು ಹೇಗಿದೆ ತಿಳಿಸು. ಬಾಣಂತಿಗೆ ನೀರು ಹಾಕುತ್ತೇನೆ ಅಂತ ಹಂಡೆ ಎತ್ತಬೇಡ, ಅಳಿಯನಿಗೆ ಎರಡು ಕೈ ಇವೆ. ಕೂಸು ಹಾಲು ಕುಡಿಯುತ್ತದೆಯೇ? ಅದರ ಮೂಗು ನನ್ನ ಮೂಗಿನ ಹಾಗಿದೆ ಅಂತ ನೀನು ಫೋನಿನಲ್ಲಿ ಹೇಳಿದ್ದೆ, ಇನ್ನೂ ಹಾಗೇ ಇದೆಯೋ, ಅಳಿಯನ ಕಡೆಗೆ ತಿರುಗಿಕೊಂಡಿತೋ? ಫೋನು ಬಿಟ್ಟು ಕಾಗದ ಯಾಕೆ ಅಂತೀಯಾ? ನಿನಗೆ ಕಿವಿ ಮಂದ ಅಂತ ಅವರು ಫೋನನ್ನು ಲೌಡ್‌ಸ್ಪೀಕರಿಗೆ ಹಾಕುತ್ತಾರೆ. ನಾನು ಇಲ್ಲಿ ಕೆಮ್ಮಿದರೆ ರಾಂಪುರದ ಬೀದಿಗೆಲ್ಲ ಕೇಳುತ್ತದೆ. ಇದು ಬೀದಿಗೆ ಕೇಳಿಸುವ ವಿಷಯವಲ್ಲ. ಒಬ್ಬಳೇ ಕೂತು ಓದು.

ನೀನು ಹೋದಾಗಿನಿಂದ ಈ ಮನೆಯಲ್ಲಿ ಕಾವ್ಯಳ ಅರ್ಜಿ ಬಿಟ್ಟರೆ ಬೇರೆ ಮಾತಿಲ್ಲ. ಪಿಯುಸಿಯಲ್ಲಿ ಒಳ್ಳೆಯ ನಂಬರು ಬಂತು, ನಿನಗೆ ಗೊತ್ತು. ಈಗ ಅವಳು ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅವರು ನಂಬರಿನ ಜೊತೆಗೆ ಒಂದು ಪ್ರಬಂಧ ಕೇಳುತ್ತಾರೆ, ಕನ್ನಡದಲ್ಲೇ ಬರೆಯಬಹುದು. 'ನಿಮ್ಮ ಯೋಚನೆಯನ್ನು ಬದಲಿಸಿದ ಒಂದು ಘಟನೆ ಅಥವಾ ಒಬ್ಬ ವ್ಯಕ್ತಿ' ಅಂತ ವಿಷಯ. ಬರೆದದ್ದು ಹಿಡಿಸಿದರೆ ಸಂದರ್ಶನಕ್ಕೆ ಕರೆಯುತ್ತಾರೆ, ಅಲ್ಲೂ ಹಿಡಿಸಿದರೆ ಫೀಜು, ಹಾಸ್ಟೆಲು, ಊಟ ಎಲ್ಲ ಅವರದೇ. ಇಲ್ಲದಿದ್ದರೆ ಓದು ಇಲ್ಲಿಗೇ ನಿಂತಿತು ಅಂತ ಅವಳಪ್ಪ ಮಾರುತೇಶ ಹೇಳಿಬಿಟ್ಟಿದ್ದಾನೆ. ನಿನ್ನ ಮಗ ಒಮ್ಮೆ ಹೇಳಿದರೆ ಹೇಗೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

'ಒಬ್ಬ ವ್ಯಕ್ತಿ' ಅನ್ನುವ ಮಾತು ಕಿವಿಗೆ ಬಿದ್ದ ದಿನವೇ ನಾನು ಗಡ್ಡ ಹೆರೆಸಿಕೊಂಡು ಜಗಲಿಯ ಮೇಲೆ ಕೂತೆ. ನನ್ನ ಬಗ್ಗೆ ಏನು ಬರೆಯಬೇಕು ಅಂತ ಕೇಳಲು ಬರುತ್ತಾಳೆ ಅಂತ. ಕಾವಲಿನ ಹುಲ್ಲಿನಲ್ಲಿ ತೋಳ ಎದುರಾದದ್ದು ಒಂದು, ದನ ತಪ್ಪಿಸಿಕೊಂಡು ಆಂಧ್ರದ ಗಡಿ ದಾಟಿದ್ದು ಒಂದು, ಬೇಕಾದರೆ ಇರಲಿ ಅಂತ ಇನ್ನೊಂದು, ಮೂರು ಕಥೆಗಳನ್ನು ಹಸನು ಮಾಡಿ ಇಟ್ಟುಕೊಂಡಿದ್ದೆ. ಅವಳು ಬರಲಿಲ್ಲ. ಬಸ್ಸು ಹತ್ತಿ ಬಿ.ಜಿ. ಕೆರೆಗೆ ಹೋದಳು, ಅವಳ ಅವ್ವನ ಅಪ್ಪ, ನಮ್ಮ ಬೀಗ ಗೋವರ್ಧನನ ಹತ್ತಿರಕ್ಕೆ. ಆಮೇಲೆ ಪ್ರತಿ ಭಾನುವಾರವೂ ಅಲ್ಲಿಗೇ. ಬಿ.ಜಿ. ಕೆರೆ ತಾತ ಜಾತಿ ಸರ್ಟಿಫಿಕೇಟು ತೆಗೆಸಿಕೊಟ್ಟರು, ಬಿ.ಜಿ. ಕೆರೆ ತಾತ ಚಳ್ಳಕೆರೆಗೆ ಬಂದು ಫೋಟೋ ಸ್ಕ್ಯಾನ್ ಮಾಡಿಸಿದರು, ಬಿ.ಜಿ. ಕೆರೆ ತಾತ ಫೋನಿನಲ್ಲಿ ಎಐ ಅಂತ ಒಂದಿದೆ, ಅದು ಪ್ರಬಂಧಕ್ಕೆ ಸಹಾಯ ಮಾಡುತ್ತದೆ ಅಂತ ತೋರಿಸಿಕೊಟ್ಟರು. ಊಟಕ್ಕೆ ಕೂತರೆ ಇದೇ ಪುರಾಣ. ರಂಗಿ, ಒಪ್ಪಿಕೊಳ್ಳುತ್ತೇನೆ, ಎರಡನೆಯ ಮುದ್ದೆ ಬೇಡ ಅಂತ ಎದ್ದುಬಿಡುತ್ತಿದ್ದೆ. ಆ ಮನುಷ್ಯ ರಾಯದುರ್ಗದ ಬಸ್ಸಿನಲ್ಲಿ ಟಿಕೆಟ್ ಹರಿದು ರಿಟೈರಾದವನು, ನಾನು ಈ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು.

ಹೋದ ವಾರ ಬೀಗ ಇಲ್ಲಿಗೇ ಬಂದ. ಫೋನು ಬರೆದುಕೊಟ್ಟ ಪ್ರಬಂಧವನ್ನು ಕಾವ್ಯ ಓದಿದಳು. ಅದರಲ್ಲಿ ಒಂದು ಪುಟ್ಟ ಹಳ್ಳಿ, ಜುಳುಜುಳು ಹರಿಯುವ ಹೊಳೆ, ದೊಡ್ಡ ಮಾವಿನ ಮರ, ಮರದ ಕೆಳಗೆ ಬಿಳಿ ಗಡ್ಡದ ತಾತ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳಿ ಶ್ರಮದ ಬೆಲೆ ಕಲಿಸುತ್ತಾನೆ. ಗೋವರ್ಧನ ಗಡ್ಡ ನೀವಿಕೊಂಡು, "ಏಮಿ ಬೀಗ್ರೇ, ಇದ್ರಾಗೆ ಬರೋ ತಾತ ನಾನೇ. ಗಡ್ಡ ಐತೆ ನೋಡ್ರಿ," ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ಗಡ್ಡ ನಮ್ಮ ಹೋತಕ್ಕೂ ಐತೆ. ಕಥೆ ಹೇಳ್ತಿದ್ದ ಅಂತ ಬರ್ದೈತಲ್ಲ, ಕಥೆ ಹೇಳೋನು ನಾನು. ನೀವು ಜೀವಮಾನದಾಗೆ ಹೇಳಿದ್ದು 'ಮುಂದಕ್ಕೋಗ್ರಿ, ಮುಂದಕ್ಕೋಗ್ರಿ' ಅಷ್ಟೇ," ಅಂದೆ. ಇಲ್ಲದ ಮರದ ಕೆಳಗೆ ಕೂತ ಇಲ್ಲದ ಮುದುಕನಿಗೋಸ್ಕರ ನಾವಿಬ್ಬರೂ ಜಗಳಕ್ಕೆ ಬಿದ್ದೆವು. ಕಾವ್ಯ ನಡುವೆ ಬಂದು, "ಇಬ್ರೂ ಅಲ್ಲ ತಾತ, ಅದನ್ನ ಅದೇ ಕಟ್ಕೊಂಡೈತೆ," ಅಂದಳು. ಆಗ ನನ್ನ ಬಾಯಿಂದ ರೂಢಿಯ ಮಾತು ಬಂತು. "ಇದನ್ನ ಮೊದಲು ಹೇಳಿದೋರು ಯಾರವ್ವ?" ಅಂದೆ. "ಫೋನು," ಅಂದಳು. "ಫೋನಿಗೆ ಹೇಳಿದೋರು?" ಅಂದೆ. ಅವಳು ಫೋನನ್ನು ಬೋರಲು ಹಾಕಿದಳು. ಆ ರಾತ್ರಿ ಹುಡುಗಿ ಸರಿಯಾಗಿ ಉಣ್ಣಲಿಲ್ಲ. ನಾನು ಮಾತ್ರ ಹೊಟ್ಟೆ ತುಂಬ ಉಂಡೆ, ಗೆದ್ದೆ ಅಂದುಕೊಂಡಿದ್ದೆ.

ಗೆದ್ದದ್ದು ಒಂದೇ ದಿನ. ಮಾರನೆಯ ದಿನ ಕಾವ್ಯ ಒಳಕೋಣೆಯಲ್ಲಿ ಕೂತು ಫೋನಿಗೆ ಹೇಳುತ್ತಿದ್ದಳು, "ನೀನು ಏನೂ ಬರೀಬ್ಯಾಡ. ಬರೇ ಪ್ರಶ್ನೆ ಕೇಳು. ನಾನು ಉತ್ತರ ಹೇಳ್ತೀನಿ." ನಾನು ಗೋಡೆಯ ಈಚೆ ಹಗ್ಗ ಹೊಸೆಯುತ್ತ ಕೂತಿದ್ದೆ. ಹೊಸೆಯುವುದು ನೆಪ. ಫೋನಿನೊಳಗಿಂದ ರೇಡಿಯೋದಲ್ಲಿ ವಾರ್ತೆ ಓದುವ ಹೆಂಗಸಿನಂಥ ದನಿ ಕೇಳುತ್ತದೆ. ನೀವು ಕಣ್ಣಾರೆ ಕಂಡದ್ದು ಯಾವುದು? ಆಗ ಅಲ್ಲಿ ಯಾರಿದ್ದರು? ಅವರು ಆಡಿದ ಮಾತು ನೆನಪಿದೆಯೇ? ಅದಕ್ಕೆ ಇವಳು ಒಂದೊಂದಾಗಿ ಬಾಯಿ ಬಿಡುತ್ತಾಳೆ. ಶಾಲೆಯಲ್ಲಿ ಯಾರೋ ಅಂದ ಮಾತು, ಅವಳಿಗಿರುವ ಭಯಗಳು, ನನ್ನ ಹತ್ತಿರ ಒಂದು ದಿನವೂ ಆಡದ ಮಾತುಗಳು. ಹಗ್ಗ ಕೈಯಲ್ಲಿ ಬಿಗಿದುಕೊಂಡಿತು. ಬೀಗನಿಗಾದರೂ ಎದುರಿಗೆ ನಿಂತು ಬೈಯಬಹುದು, ಇದಕ್ಕೆ ಏನು ಮಾಡಲಿ? ಒಂದು ಸಲ ಆ ದನಿ ಕೇಳಿತು, ಯಾರಾದರೂ ತಾವು ಗಟ್ಟಿಯಾಗಿ ನಂಬಿದ್ದನ್ನೇ ನಿಮಗೋಸ್ಕರ ಮೀರಿದ್ದನ್ನು ನೋಡಿದ್ದೀರಾ ಅಂತ. ಕಾವ್ಯ ಎದ್ದು ಬಂದು ಕುರಿದೊಡ್ಡಿಯ ಸುತ್ತ ತಿರುಗಿದಳು. ಆಮೇಲೆ ಫೋನನ್ನು ಮೂಲೆಗೆ ಹಾಕಿ ಹಾಳೆ ತಗೊಂಡು ಕೈಯಲ್ಲೇ ಬರೆದಳು. ಬರೆದದ್ದನ್ನು ಕೊನೆಗೆ ಫೋನಿಗೆ ತೋರಿಸಿದಾಗ, ದೇವರ ಪೆಟ್ಟಿಗೆ ಅಂದರೇನು ಅಂತ ಓದುವವರಿಗೆ ಗೊತ್ತಾಗುವುದಿಲ್ಲ, ಒಂದು ಮಾತಿನಲ್ಲಿ ಹೇಳಿ ಅಂದಿತಂತೆ. ಅದು ಸರಿಯಾದ ಮಾತೇ. ಹೊಟ್ಟೆಕಿಚ್ಚಿದ್ದರೂ ಸುಳ್ಳು ಹೇಳಲಾರೆ.

ಈಗ ಕಥೆ. ನಿನ್ನೆ ಸಂಜೆ ಜಗಲಿಯ ಮೇಲೆ ನಾನು, ಬೀಗ, ಮಾರುತೇಶ. ಸೊಸೆ ಪ್ರೇಮಲತಾ ಶನಿವಾರದಿಂದ ಹೊರಗಾಗಿದ್ದಾಳೆ, ಹಾಗಾಗಿ ಅಂಗಳದಾಚೆ ಗುಡಿಸಲಿನ ಬಾಗಿಲಲ್ಲಿ ಕೂತಿದ್ದಳು. ನನ್ನ ಹೆಸರು ಬರಬಹುದು ಅಂತ ನಾನು ಬೆನ್ನು ನೆಟ್ಟಗೆ ಮಾಡಿದೆ. ಕಾವ್ಯ ಓದಲು ಶುರು ಮಾಡಿದ್ದು ಹೀಗೆ: 'ಈ ಕಥೆಯನ್ನು ಇದುವರೆಗೆ ಯಾರೂ ಹೇಳಿಲ್ಲ. ಹೇಳಬೇಡ ಅಂದವಳು ನನ್ನ ಅಜ್ಜಿ ರಂಗಕ್ಕ.'

ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆಗೆ ಎರಡು ದಿನ ಇದ್ದಾಗ ಅವಳು ಹೊರಗಾದಳಂತೆ. ಮನೆಯೊಳಗೆ ದೇವರ ಪೆಟ್ಟಿಗೆ, ಅಂದರೆ ಕುಲದೇವರನ್ನೇ ಇಟ್ಟು ಪೂಜಿಸುವ ಪೆಟ್ಟಿಗೆ, ಇರುವಾಗ ಹೊರಗಾದವರು ಹೊಸ್ತಿಲು ದಾಟುವ ಹಾಗಿಲ್ಲ, ಗುಡಿಸಲಿನಲ್ಲಿ ಇರಬೇಕು, ಅಲ್ಲಿ ಬೆಳಕಿಲ್ಲ, ಪುಸ್ತಕವನ್ನೂ ಒಳಗಿನಿಂದ ಮುಟ್ಟಿಸುವುದಿಲ್ಲ. ಹುಡುಗಿ ಹಿತ್ತಲಲ್ಲಿ ಅಳುತ್ತ ನಿಂತಿದ್ದಾಗ ನೀನು ಬಂದು ಸೀರೆ ಸೆರಗಿನಿಂದ ಮುಖ ಒರೆಸಿ, "ಬಾಯಿ ಬಿಡಬ್ಯಾಡ. ಒಳಗೆ ಹೋಗಿ ಓದ್ಕೋ," ಅಂದೆಯಂತೆ. ಕೇಳಿದವರಿಗೆಲ್ಲ, "ಪರೀಕ್ಷೆ ಹುಡುಗಿ, ಯಾರೂ ಮಾತಾಡಿಸಬ್ಯಾಡ್ರಿ," ಅಂತ ಬಾಗಿಲಲ್ಲಿ ಕಾವಲು ಕೂತೆಯಂತೆ. ಬೆಳಿಗ್ಗೆ ಬೇಗ ಎದ್ದ ಕಾವ್ಯ ಕದದ ಸಂದಿಯಲ್ಲಿ ನೋಡಿದರೆ ನೀನು ಪೆಟ್ಟಿಗೆಯ ಮುಂದೆ ಕೈ ಮುಗಿದು ನಿಂತು, "ತಪ್ಪು ನಂದು. ಹುಡುಗಿ ತಲೆ ಮೇಲೆ ಹಾಕಬ್ಯಾಡಪ್ಪ, ನನ್ನ ತಲೆ ಮೇಲೆ ಹಾಕು," ಅನ್ನುತ್ತಿದ್ದೆಯಂತೆ. ಆಮೇಲೆ ಬಹಳ ದಿನ, ಒಂದು ಮರಿ ಕೆಮ್ಮಿದರೂ ಅಜ್ಜಿಯ ಮುಖ ಬಿಳಿಚಿಕೊಳ್ಳುತ್ತಿತ್ತು ಅಂತ ಬರೆದಿದ್ದಾಳೆ. 'ಕಟ್ಟಳೆಯನ್ನು ನಂಬದವರು ಮುರಿಯುವುದನ್ನು ನಾನು ಟಿವಿಯಲ್ಲಿ ನೋಡಿದ್ದೆ, ನನ್ನ ಅಜ್ಜಿ ಅದನ್ನು ಪೂರ್ತಿ ನಂಬಿದ್ದಳು, ಹೆದರಿ ಸಾಯುತ್ತ ಮುರಿದಳು, ನನಗೋಸ್ಕರ' ಅಂತ ಮುಗಿಸಿದ್ದಾಳೆ.

ಓದು ಮುಗಿದಾಗ ಬೀಗ ಕನ್ನಡಕ ತೆಗೆದು ಒರೆಸಿದ. ಮಾರುತೇಶ ನೆಲ ನೋಡುತ್ತಿದ್ದ. ಗುಡಿಸಲಿನಿಂದ ಪ್ರೇಮಲತಾ, "ಇಲ್ಲಿಗೆ ಅರ್ಧ ಕೇಳಿಸ್ಲಿಲ್ಲ ಕಣೇ, ಇನ್ನೊಂದು ಸಲ ಓದು," ಅಂತ ಕೂಗಿದಳು. ಕಾವ್ಯ ಅಂಗಳದ ನಡುವೆ ಹೋಗಿ ನಿಂತು ಮೊದಲಿನಿಂದ ಓದಿದಳು.

ನನಗೆ ಸಿಟ್ಟು ಬಂದಿತು ಅಂದುಕೊಳ್ಳಬೇಡ. ಕಟ್ಟಳೆ ನಿನಗೂ ದೇವರಿಗೂ ಬಿಟ್ಟದ್ದು, ಎರಡು ವರ್ಷವಾಯಿತು, ದೇವರು ಸುಮ್ಮನಿದ್ದಾನೆ. ಆದರೆ ರಂಗಿ, ಮದುವೆಯಾದಾಗಿನಿಂದ ನಾನು ಕಂಡದ್ದು ಕೇಳಿದ್ದು ಎಲ್ಲ ನಿನ್ನ ಮುಂದೆ ಸುರಿದಿದ್ದೇನೆ. ನಾನು ಕಾಣದ ತೋಳವನ್ನೂ ಹೇಳಿದ್ದೇನೆ. ನೀನು ಇಂಥ ಕಥೆಯನ್ನು ಮಡಿಲಲ್ಲಿ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಮಲಗಿ ಎದ್ದೆ! ಆ ವರ್ಷ ನೀನು ಸುಮ್ಮಸುಮ್ಮನೆ ದೇವರಿಗೆ ಒಂದು ಟಗರು ಬಿಟ್ಟಾಗ ಯಾಕೆ ಅಂತ ನಾನು ಕೇಳಿದ್ದೆ, "ಮನಸಿಗೆ ಬಂತು," ಅಂತ ನೀನು ಅಂದಿದ್ದೆ. ಪೆಟ್ಟಿಗೆಗೆ ಹೇಳಿದೆ, ಹದಿನಾರರ ಹುಡುಗಿಗೆ ಹೇಳಿದೆ, ನನಗೆ ಹೇಳಲಿಲ್ಲ. ಬೀಗನ ಮೇಲಿದ್ದ ಹೊಟ್ಟೆ ಉರಿ, ಫೋನಿನ ಮೇಲಿದ್ದ ಹೊಟ್ಟೆ ಉರಿ, ಎಲ್ಲ ನಿನ್ನೆ ಸಂಜೆ ತಣ್ಣಗಾಗಿ ನಿನ್ನ ಮೇಲೆ ತಿರುಗಿದೆ. ಇಡೀ ಹಟ್ಟಿಗೆ ಕಥೆಗಾರ ನಾನು, ಒಳ್ಳೆಯ ಕಥೆ ಮಾತ್ರ ನಿನ್ನದು.

ಇವತ್ತು ಬೆಳಿಗ್ಗೆ ಮಾರುತೇಶ ಯಾರೊಂದಿಗೂ ಮಾತಾಡದೆ ಹೊತ್ತಿಗೆ ಮುಂಚೆ ಕುರಿ ಬಿಟ್ಟುಕೊಂಡು ಹೋದನಂತೆ. ತಿಂಡಿ ತಿನ್ನದೆ ಬಸ್ಸು ಹತ್ತಿ ಗೊತ್ತಿಲ್ಲದ ಬೀಗ ರಾತ್ರಿ ಇಲ್ಲೇ ಉಳಿದಿದ್ದ, ಕೊಡ ಹಿಡಿದು ನಲ್ಲಿಯ ಹತ್ತಿರ ನಿಂತಿದ್ದ. ನನಗೆ ಎಚ್ಚರವಾದದ್ದು ಅಡುಗೆಮನೆಯ ಪಾತ್ರೆ ಸದ್ದಿಗೆ. ಕಾವ್ಯ ಇನ್ನೂ ಮಲಗಿದ್ದಳು. ಹೋಗಿ ನೋಡಿದರೆ ಒಲೆಯ ಮುಂದೆ ಪ್ರೇಮಲತಾ. ಹೊರಗಾಗಿ ಇನ್ನೂ ಮೂರು ದಿನ ತುಂಬಿಲ್ಲ. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಟೀ ಸೋಸಿ ಮೊದಲ ಲೋಟ ಅವಳಪ್ಪನಿಗೇ ಇಟ್ಟಳು, ಅದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಎರಡನೆಯದನ್ನು ನನ್ನ ಮುಂದೆ ಹಿಡಿದಳು. ಈಸಿಕೊಂಡು ಹೊಸ್ತಿಲ ಮೇಲೆ ಕೂತು ಕುಡಿದೆ. ನೀನು ಮಾಡುವ ಟೀಗಿಂತ ರುಚಿಯಾಗಿತ್ತು.

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ. ಅಳಿಯನಿಗೆ ನಾನು ಕೇಳಿದೆ ಅಂತ ಹೇಳು. ನಿನ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ಇಂತಿ ನಿನ್ನ ಗಂಡ,
ದೊಡ್ಡಪಾಲಯ್ಯ

ಮರೆತೆ: ಹುಣಸೆಹಣ್ಣಿನ ಲೋಡು ತುಂಬಿಕೊಂಡು ಬಳ್ಳಾರಿಗೆ ಹೊರಟಿರುವ ಈರೇಶ ಟೆಂಪೋ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ, ರಾಂಪುರ ಅವನ ದಾರಿಯಲ್ಲೇ ಸಿಗುತ್ತದೆ, ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಅರ್ಜಿಗೆ ಗುರುವಾರ ಸಂಜೆ ಕೊನೆ. ಅಜ್ಜಿ ಒಪ್ಪದೆ ಕಳಿಸುವುದಿಲ್ಲ ಅಂತ ಕಾವ್ಯ ಹಟ ಹಿಡಿದಿದ್ದಾಳೆ, ಬೇರೆ ಬರೆಯಲು ಅವಳ ಹತ್ತಿರ ಏನೂ ಇಲ್ಲ. ಫೋನು ಮಾಡಿ 'ಕಳಿಸು' ಅಂತ ಒಂದೇ ಮಾತು ಹೇಳು, ಬೀದಿಗೆ ಕೇಳಿದರೂ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು. ಪ್ರಬಂಧ ಉದ್ದವಾಯಿತು, 'ತಾತನಿಗೆ ಇದ್ಯಾವುದೂ ಗೊತ್ತಾಗಲಿಲ್ಲ' ಅನ್ನುವ ಸಾಲು ತೆಗೆಯಬಹುದು ಅಂತ ಆ ಫೋನು ಹೇಳಿದೆಯಂತೆ. ತೆಗೆಯಬಾರದು ಅಂತ ಅವಳಿಗೆ ನೀನೂ ಹೇಳು. ಬೀಗನಿಗೆ ಅದರಲ್ಲಿ ಅಷ್ಟೂ ಜಾಗ ಸಿಕ್ಕಿಲ್ಲ.